ಈ ಕ್ವಾರ್ಟರ್ ಗೋಲ್ ‘ಟೀಮಲ್ಲಿ ಪಾರದರ್ಶಕತೆ ಹೆಚ್ಚಿಸೋದು’ ಅಂತೆ, ಇದನ್ನ ಯಾವ ಸೇರಲ್ಲಿ ಅಳೀಲಿ?

ಮೈಸೂರ್_ಪಾಕ_ಅಲ್ಲ:
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನೀಲಿ ಲೀಡ್ ಆಗಿದೀನಿ, ಟೀಮಲ್ಲಿ ನನ್ನ ಬಿಟ್ಟು 11 ಜನ, ಬಿಲ್ಲಿಂಗ್ ಪ್ರಾಡಕ್ಟ್ ನೋಡ್ಕೋತೀವಿ, ಅರ್ಧ ಜನ ಡೆವಲಪ್‌ಮೆಂಟು ಅರ್ಧ ಜನ ಸಪೋರ್ಟು. ಹೋದ ತಿಂಗಳು ಎಚ್‌ಆರ್‌ನೋರು ಸರ್ವೆ ಮಾಡಿದ್ರು, ನಮ್ಮ ಟೀಮಿಂದ ಹೋದ ಕಂಪ್ಲೇಂಟ್ ಒಂದೇ, "ಯಾವ ನಿರ್ಧಾರ ಯಾಕೆ ಆಗುತ್ತೆ ಅಂತ ನಮಗೆ ಗೊತ್ತಾಗಲ್ಲ". ನ್ಯಾಯವಾದ ಕಂಪ್ಲೇಂಟೇ, ಸುಳ್ಳು ಹೇಳಲ್ಲ. ಈಗ ಮ್ಯಾನೇಜರ್ರು "ಹಾಗಾದ್ರೆ ಇದನ್ನೇ ಕ್ವಾರ್ಟರ್ ಗೋಲ್ ಮಾಡ್ಕೋ, ಆದ್ರೆ ನಂಬರ್ ಇಲ್ದೇ ಇದ್ರೆ ನಾನು ಅಪ್ರೂವ್ ಮಾಡಲ್ಲ" ಅಂದ್ರು.

ಭಾನುವಾರ ಕೂತು ಮೂರು ಬರ್ದೆ. ಎಲ್ಲಾ ಕೆಲ್ಸ 100 ಪರ್ಸೆಂಟ್ ಜಿರಾದಲ್ಲಿ (ಕೆಲ್ಸಗಳನ್ನ ಟಿಕೆಟ್ ಮಾಡಿ ಲೆಕ್ಕ ಇಡೋ ಸಾಫ್ಟ್‌ವೇರ್) ಇರ್ಬೇಕು, ಪ್ರತಿಯೊಬ್ರೂ ದಿನಾ ಸಂಜೆ ಸ್ಟೇಟಸ್ ಹಾಕ್ಬೇಕು, ಯಾರು ಎಷ್ಟು ಟಿಕೆಟ್ ಕ್ಲೋಸ್ ಮಾಡಿದ್ರು ಅಂತ ಗೋಡೆ ಟೀವೀಲಿ ಡ್ಯಾಶ್‌ಬೋರ್ಡ್. ಮ್ಯಾನೇಜರ್ರಿಗೆ ಖುಷಿಯೋ ಖುಷಿ. ಸೋಮವಾರ ಟೀಮಿಗೆ ತೋರಿಸಿದ್ರೆ ಯಾರೂ ಪಿಟಿಕ್ ಅನ್ಲಿಲ್ಲ. ಆಮೇಲೆ ಕಾಫಿ ಮೆಷಿನ್ ಹತ್ರ, ಸೇರಿ ಎಂಟು ತಿಂಗಳಾಗಿರೋ ಹುಡುಗಿ ಒಬ್ಳು "ಸರ್, ಇದು ಪಾರದರ್ಶಕತೆನಾ, ಹಾಜರಿ ಪುಸ್ತಕನಾ" ಅಂತ ಕೇಳಿದ್ಲು. ಉತ್ತರ ಗೊತ್ತಿರ್ಲಿಲ್ಲ, ನಕ್ಕು ಸುಮ್ನಾದೆ. ಶುಕ್ರವಾರದೊಳಗೆ ಹೊಸದು ಬರ್ದು ಕೊಡ್ಬೇಕು. ಯಾರಾದ್ರೂ ಇದನ್ನ ಸರಿಯಾಗಿ ಮಾಡಿರೋದು ನೋಡಿದೀರಾ?

ತಿಂಡಿಪೋತ:
ಲ್ಯಾಕ್ಟೋಮೀಟರ್ ಅದ್ದಿ ನೋಡಿ ಸಾರ್. ಮ್ಯಾನೇಜರ್ ಮಾತಲ್ಲಿ ಎಷ್ಟು ನೀರು ಬೆರೆಸಿದಾರೆ ಅಂತ ಗೊತ್ತಾಗುತ್ತೆ 😀

ಓಕೆಆರ್_ಸಂತ್ರಸ್ತ:
ಆ ಹುಡುಗಿಗೆ ಪ್ರಮೋಷನ್ ಕೊಡಿ ಮೊದ್ಲು.

ನಮ್ಮಲ್ಲೂ ಎರಡು ವರ್ಷದಿಂದ ಓಕೆಆರ್ ಅಂತ ನಡೀತಿದೆ, ಅಂದ್ರೆ ಗುರಿ ಏನು, ಮುಟ್ಟಿದ್ವಾ ಅಂತ ಯಾವ ಫಲಿತಾಂಶದಿಂದ ಅಳೆಯೋದು ಅಂತ ಬರೆದಿಡೋದು. ಗೂಗಲ್‌ನೋರು ಕಂಡುಹಿಡಿದ ಪದ್ಧತಿ, ಎಲ್ರ ಗೋಲೂ ಎಲ್ರಿಗೂ ಕಾಣುತ್ತೆ, ಸಿಇಒದು ಕೂಡ, ಅಂತ ಪಿಪಿಟಿ ತೋರಿಸಿ ತಂದ್ರು. ಬಂದ್ಮೇಲೆ ನೋಡಿದ್ರೆ ನಮ್ಮ ಗೋಲ್ ಮೇಲಿನವ್ರಿಗೆಲ್ಲಾ ಕಾಣುತ್ತೆ, ಮೇಲಿನವ್ರ ಗೋಲ್ ಓಪನ್ ಮಾಡಿದ್ರೆ "ನಿಮಗೆ ಅನುಮತಿ ಇಲ್ಲ" ಅಂತ ಬರುತ್ತೆ. ಬಾತ್‌ರೂಮಿಗೆ ಗಾಜಿನ ಬಾಗ್ಲು ಹಾಕಿ ಸಾಹೇಬ್ರ ಚೇಂಬರಿಗೆ ಪರದೆ ಹಾಕ್ದಂಗೆ.

ಬರೀ_ಓದೋನು:
ಒಂದು ತಿದ್ದುಪಡಿ. ಗೂಗಲ್‌ನೋರು ಕಂಡುಹಿಡಿದದ್ದಲ್ಲ. ಆಂಡಿ ಗ್ರೋವ್ ಇಂಟೆಲ್‌ನಲ್ಲಿ 1970ರ ದಶಕದಲ್ಲಿ ಶುರು ಮಾಡಿದ್ದು, ಅಲ್ಲಿ ಕೆಲಸ ಮಾಡಿದ್ದ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ತಗೊಂಡೋದ. ಅದಕ್ಕೂ ಹಿಂದೆ 1954ರಲ್ಲೇ ಪೀಟರ್ ಡ್ರಕರ್ ಗುರಿ ಇಟ್ಕೊಂಡು ಆಡಳಿತ ಮಾಡೋದರ ಬಗ್ಗೆ ಬರ್ದಿದ್ದ. ಮುಖ್ಯವಾದ ವಿಷ್ಯ ಏನಂದ್ರೆ ಗೂಗಲ್ ಪದ್ಧತೀಲಿ ಸೊನ್ನೆಯಿಂದ ಒಂದರವರೆಗೆ ಸ್ಕೋರು, 0.6 ಇಂದ 0.7 ಬಂದ್ರೆ ಅದೇ ಚೆನ್ನಾಗಿದೆ ಅಂತ ಅರ್ಥ, ಯಾವಾಗ್ಲೂ 1 ಬರ್ತಿದ್ರೆ ಗುರಿ ಸಣ್ಣದಾಯ್ತು ಅಂತ. ಮತ್ತೆ ಸ್ಕೋರನ್ನ ನೇರವಾಗಿ ಸಂಬಳಕ್ಕೆ ಕಟ್ಟಬಾರದು ಅನ್ನೋದು ಅದರ ಜೀವಾಳ.

ಇನ್ನೊಂದು, ‘ಸ್ಮಾರ್ಟ್’ ಗೋಲ್ ಅಂತಾರಲ್ಲ, ಗುರಿ ಹೆಂಗಿರ್ಬೇಕು ಅನ್ನೋ ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದ್ದು, ಅದು 1981ರಲ್ಲಿ ಜಾರ್ಜ್ ಡೊರಾನ್ ಬರೆದ ಲೇಖನದ್ದು. ಅದ್ರಲ್ಲಿ ‘ಎ’ ಅಂದ್ರೆ ಅಚೀವಬಲ್ ಅಲ್ಲ, ಅಸೈನಬಲ್. ಯಾರು ಮಾಡ್ತಾರೆ ಅನ್ನೋದು ಗೊತ್ತಿರ್ಬೇಕು ಅಂತ. ಎಲ್ಲಾ ಗುರೀನೂ ಎಲ್ಲಾ ಕಡೆ ನಂಬರಿಗೆ ಇಳಿಸೋಕಾಗಲ್ಲ ಅಂತನೂ ಆ ಪುಣ್ಯಾತ್ಮನೇ ಬರ್ದಿದಾನೆ. ಅದನ್ನ ಯಾವ ಟ್ರೈನಿಂಗಲ್ಲೂ ಹೇಳಲ್ಲ.

ಓಕೆಆರ್_ಸಂತ್ರಸ್ತ:
@ಬರೀ_ಓದೋನು ಸರಿ ಗುರುಗಳೇ ತಪ್ಪಾಯ್ತು. ಆದ್ರೆ ನಮ್ಮಲ್ಲಿ 0.7 ತಗೊಂಡೋಗಿ ಕೊಟ್ರೆ "ಇನ್ನ 0.3 ಎಲ್ಲೋಯ್ತು" ಅಂತ ಕೇಳ್ತಾರೆ, ಮನೇಲಿ 97 ಮಾರ್ಕ್ಸ್ ತಂದ್ರೆ ಅಪ್ಪ ಕೇಳ್ತಿದ್ರಲ್ಲ ಹಂಗೆ. ಅದಕ್ಕೆ ಎಲ್ರೂ ಮಾಡಿ ಮುಗಿಸಿರೋ ಕೆಲ್ಸಾನೇ ಗೋಲ್ ಅಂತ ಬರೀತೀವಿ.

ಗಾರ್ಮೆಂಟ್ಸ್_ಅಕ್ಕ:
ನೀವೆಲ್ಲಾ ಕಂಪ್ಯೂಟರ್‌ನೋರು, ನಾನು ಮೈಸೂರು ರಸ್ತೆ ಕಡೆ ಒಂದು ಗಾರ್ಮೆಂಟ್ಸಲ್ಲಿ ಆರು ವರ್ಷ ಟೈಲರ್ ಆಗಿದ್ದೆ, ಆಮೇಲೆ ಎರಡು ವರ್ಷ ಚೆಕಿಂಗು. ಟೀವೀಲಿ ಡ್ಯಾಶ್‌ಬೋರ್ಡ್ ಅಂದ್ರಲ್ಲ, ನಮ್ದು ಅದೇ, ಪ್ರತಿ ಲೈನ್ ಮುಂದೆ ಒಂದು ಬೋರ್ಡು, ಗಂಟೆ ಗಂಟೆಗೆ ಟಾರ್ಗೆಟ್ ಎಷ್ಟು, ಆಗಿದ್ದು ಎಷ್ಟು, ರಿಜೆಕ್ಟ್ ಎಷ್ಟು ಅಂತ ಬರೀತಾರೆ. ಎಲ್ಲಾ ಎಲ್ರಿಗೂ ಕಾಣ್ಸುತ್ತೆ. ಹಂಗಾದ್ರೆ ಗಾರ್ಮೆಂಟ್ಸಿಗಿಂತ ಪಾರದರ್ಶಕವಾದ ಜಾಗ ಈ ಭೂಮೀಲೇ ಇಲ್ಲ ಅಂತಾಯ್ತು ಅಲ್ವಾ? ಬಂದು ಒಂದಿನ ಕೂತ್ಕೊಂಡ್ ನೋಡಿ.

ಆ ಗಂಟೆಗೆ 90 ಪೀಸ್ ಅನ್ನೋದು ಎಲ್ಲಿಂದ ಬಂತು ಅಂತ ಯಾರೂ ಹೇಳಲ್ಲ. ಐಇ (ಇಂಡಸ್ಟ್ರಿಯಲ್ ಇಂಜಿನಿಯರ್) ಅಂತ ಒಬ್ಬ ಹುಡುಗ ಸ್ಟಾಪ್‌ವಾಚ್ ಹಿಡ್ಕೊಂಡು ಹಿಂದೆ ನಿಂತ್ಕೋತಾನೆ, ನಿಮಿಷದ ಲೆಕ್ಕ ಹಾಕ್ತಾನೆ, ಯಾವ್ ಟೈಲರ್ ನೋಡಿ ಹಾಕ್ದ, ಹೊಸ ಮೆಷಿನ್ ಮುಂದೆ ನಿಂತಿದ್ನಾ ಹಳೇದರ ಮುಂದೆ ನಿಂತಿದ್ನಾ, ದಾರ ಕಟ್ ಆಗಿದ್ದು ಲೆಕ್ಕ ಹಿಡಿದ್ನಾ, ಒಂದೂ ಗೊತ್ತಿಲ್ಲ. ಕೇಳಿದ್ರೆ ಸೂಪರ್‌ವೈಸರ್ರು "ಮೇಲಿಂದ ಬಂದಿದೆ" ಅಂತಾರೆ. ಇನ್ನೊಂದು ಮಜಾ ಕೇಳಿ, ಒಂದಿನ ಹುಮ್ಮಸ್ಸಲ್ಲಿ 90ರ ಜಾಗದಲ್ಲಿ 96 ಕೊಟ್ವಿ ಅನ್ಕೊಳಿ, ನಾಳೆಗೆ 96 ಟಾರ್ಗೆಟ್ಟು. ಅದಕ್ಕೆ ನಾವು ಹುಷಾರಾದ್ವಿ, 88, 89, ಒಂದೊಂದ್ಸಲ 90. ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ.

ಆ ಹುಡುಗಿ ಕೇಳಿದ್ದು ಸರಿಯಾಗೇ ಇದೆ ತಮ್ಮಾ. ನಂಬರ್ ಬೋರ್ಡ್ ಮೇಲೆ ಬರೆದ್ರೆ ಸಾಕಾಗಲ್ಲ, ಅದು ಹೆಂಗ್ ಬಂತು ಅಂತ ಬರೀರಿ.

ಹುಬ್ಬಳ್ಳಿ_ಮಂದಿ:
ಅಕ್ಕಾರ, ಒಂದ ಮಾತಿನ್ಯಾಗ ಹೇಳಿಬಿಟ್ರಿ ನೋಡ್ರಿ. ಇಲ್ಲೆ ನಮ್ಮ ಆಫೀಸಿನ್ಯಾಗ ಕನ್ಸಲ್ಟಂಟ್‌ಗೆ ಲಕ್ಷಗಟ್ಟಲೆ ಕೊಟ್ಟಾರ, ಅವ ಇಷ್ಟ್ ಛಂದ ಹೇಳಲಿಲ್ಲ.

ತಿಂಡಿಪೋತ:
ಕನ್ಸಲ್ಟಂಟ್ ಬಂದಾಗ ಸಮೋಸ ಆದ್ರೂ ಕೊಟ್ರಾ

ಹುಬ್ಬಳ್ಳಿ_ಮಂದಿ:
ಸಮೋಸಾ ಎಲ್ಲಿದೋ ಮಾರಾಯ, ಗಿರ್ಮಿಟ್ ತರಿಸಿದ್ದೆವು. ಅಂವಾ ಎರಡು ಪ್ಲೇಟ್ ತಿಂದು "ಆಲೈನ್‌ಮೆಂಟ್ ಇಲ್ಲ" ಅಂತ ರಿಪೋರ್ಟ್ ಬರದು ಹೋದ.

ಘಾಟ್_ಸೆಕ್ಷನ್:
ನಾನು ಬಸ್ ಡ್ರೈವರ್. ನಮ್ಮಲ್ಲಿ ಕೆಎಂಪಿಎಲ್ ಅಂತ ಇದೆ, ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಅಂತ. ಡಿಪೋದಲ್ಲಿ ಬೋರ್ಡಿಗೆ ಹೆಸರು ಸಮೇತ ಹಾಕ್ತಾ ಇದ್ರು, ಯಾರು ಮೇಲೆ ಯಾರು ಕೆಳಗೆ ಅಂತ. ಬಯಲುಸೀಮೆ ಕಡೆ ಸೀದಾ ಹೈವೇಲಿ ಹೋಗೋನಿಗೂ ಆಗುಂಬೆ ಘಾಟಿ ಹತ್ತಿಸೋನಿಗೂ ಒಂದೇ ಬೋರ್ಡು! ಘಾಟಿಲಿ ಫಸ್ಟ್ ಗೇರು ಸೆಕೆಂಡ್ ಗೇರಲ್ಲೇ ಹೇರ್‌ಪಿನ್ ತಿರುಗಿಸ್ಬೇಕು, ಡೀಸೆಲ್ ಕುಡಿಯುತ್ತೆ ಗಾಡಿ. ಹೊಸ ಬಸ್ ಸಿಕ್ಕಿದವನು ಹೀರೋ, ಹಳೇ ಬಸ್ ಸಿಕ್ಕಿದವನು ಕಳ್ಳ ಅನ್ನೋ ತರ. ನಾನು ಎರಡು ವರ್ಷ ಕೆಳಗಿನ ಮೂರರಲ್ಲೇ ಇದ್ದೆ.

ಆಮೇಲೆ ಬಂದ ಡಿಪೋ ಸಾಹೇಬರು ಒಬ್ಬರು ರೂಟ್ ವೈಸ್ ಮಾಡಿ, ಗಾಡಿ ಎಷ್ಟು ಹಳೇದು ಅಂತಾನೂ ಪಕ್ಕದಲ್ಲಿ ಬರೆಸಿದ್ರು. ಜೊತೆಗೆ ಯಾವ ಬಸ್ಸನ್ನ ರಿಪೇರಿಗೆ ಅಂತ ಬರೆಸಿ ಎಷ್ಟು ದಿನ ಆಯ್ತು ಅಂತ ತೋರಿಸೋ ವರ್ಕ್‌ಶಾಪಿನ ಬೋರ್ಡೂ ಅದೇ ಗೋಡೆಗೆ. ಅವತ್ತಿಂದ ಗಲಾಟೆ ನಿಂತೋಯ್ತು. ನಮ್ಮ ಲೆಕ್ಕ ಅವರಿಗೆ, ಅವರ ಲೆಕ್ಕ ನಮಗೆ. ಆ ಸಾಹೇಬರು ವರ್ಗ ಆಗಿ ಹೋದ್ಮೇಲೆ ಬೋರ್ಡ್ ಏನಾಯ್ತು ಅಂತ ಕೇಳಬೇಡಿ.

ಗುಮಾಸ್ತ_ನಂ_2:
ಸರ್ಕಾರಿ ಕಚೇರಿ ಕಡೆಯಿಂದ ಒಂದು ಮಾತು. ಅಳೆಯೋ ಗುರಿ ಇಟ್ಟು ಪಾರದರ್ಶಕತೆ ತರೋದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ, ಸಕಾಲ. ಕಾಯ್ದೆ 2011ರದ್ದು, ಜಾರಿಗೆ ಬಂದಿದ್ದು 2012 ಏಪ್ರಿಲ್ 2. ಇಂಥ ಸೇವೆಗೆ ಇಷ್ಟು ದಿನ ಅಂತ ಮೊದಲೇ ಗೋಡೆ ಮೇಲೆ ಬರೆದಿರ್ತಾರೆ, ಅರ್ಜಿ ಕೊಟ್ಟ ತಕ್ಷಣ 15 ಅಂಕಿಯ ನಂಬರ್ ಬರುತ್ತೆ, ಫೈಲ್ ಎಲ್ಲಿದೆ ಅಂತ ಅರ್ಜಿದಾರನೇ ನೋಡ್ಬಹುದು, ತಡ ಆದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಗಮನಿಸಿ, ಇಲ್ಲಿ ಅಳೆಯೋದು ಗುಮಾಸ್ತ ಎಷ್ಟೊತ್ತು ಕುರ್ಚಿ ಮೇಲೆ ಕೂತಿದ್ದ ಅಂತ ಅಲ್ಲ, ಜನರಿಗೆ ಉತ್ತರ ಎಷ್ಟು ದಿನದಲ್ಲಿ ಹೋಯ್ತು ಅಂತ. ಲೀಡ್ ಸಾಹೇಬರು ಇದನ್ನೇ ಯಾಕೆ ಮಾಡಬಾರದು? ನಿಮ್ಮ ಟೀಮೇ ನಿಮ್ಮ ಅರ್ಜಿದಾರರು. ಅವರ ಪ್ರಶ್ನೆಗೆ ನೀವು ಎಷ್ಟು ದಿನದಲ್ಲಿ ಉತ್ತರ ಕೊಡ್ತೀರಿ?

ಆದ್ರೆ ಗಡಿಯಾರ ಇಟ್ರೆ ಗಡಿಯಾರ ನಿಲ್ಲಿಸೋರೂ ಹುಟ್ಕೋತಾರೆ, ಇದನ್ನೂ ಹೇಳ್ಬೇಕು. ಕಚೇರಿ ಯಾವುದು ಅಂತ ಹೇಳಲ್ಲ, ನಾನು ಹಿಂದೆ ಇದ್ದ ಒಂದು ಕಡೆ ಅರ್ಜಿ ತಗೊಳೋ ಮುಂಚೆನೇ "ಆ ಝೆರಾಕ್ಸ್ ತಗೊಂಬನ್ನಿ, ಈ ಸೀಲ್ ಹಾಕಿಸ್ಕೊಂಬನ್ನಿ" ಅಂತ ನಾಲ್ಕು ಸಲ ಓಡಾಡಿಸ್ತಿದ್ರು. ಕಂಪ್ಯೂಟರಿಗೆ ಎಂಟ್ರಿ ಆದ್ರೆ ತಾನೇ ದಿನ ಎಣಿಸೋದು. ರಿಪೋರ್ಟಲ್ಲಿ ನೂರಕ್ಕೆ ನೂರು, ಹೊರಗಡೆ ಅದೇ ಹಳೇ ಕಥೆ.

ಬರೀ_ಓದೋನು:
ಇದಕ್ಕೇ ಗುಡ್‌ಹಾರ್ಟ್ ನಿಯಮ ಅನ್ನೋದು. ಚಾರ್ಲ್ಸ್ ಗುಡ್‌ಹಾರ್ಟ್ ಅಂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ 1975ರಲ್ಲಿ ಹೇಳಿದ್ದು, ಅಳತೆಗೋಲನ್ನೇ ಗುರಿ ಮಾಡಿದ್ರೆ ಅದು ಅಳತೆಗೋಲಾಗಿ ಉಳಿಯಲ್ಲ ಅನ್ನೋ ಅರ್ಥದಲ್ಲಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಗೊತ್ತಿರ್ಬೇಕು, ಒಬ್ಬೊಬ್ಬ ಗ್ರಾಹಕನಿಗೆ ಎಂಟು ಪ್ರಾಡಕ್ಟ್ ಮಾರ್ಬೇಕು ಅಂತ ಗುರಿ. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೇನೇ ಲಕ್ಷಗಟ್ಟಲೆ ಖಾತೆ ತೆಗೆದ್ರು, 2016ರಲ್ಲಿ ಸಿಕ್ಕಿಬಿದ್ದಾಗ 18.5 ಕೋಟಿ ಡಾಲರ್ ದಂಡ, ಸುಮಾರು 5,300 ಜನರನ್ನ ಕೆಲಸದಿಂದ ತೆಗೆದಿದ್ರು. ಟಾರ್ಗೆಟ್ ಎಲ್ರಿಗೂ ಗೊತ್ತಿತ್ತು, ಕಣ್ಣಿಗೆ ಕಾಣ್ತಿತ್ತು, ಮೆಷರಬಲ್ ಆಗಿತ್ತು.

ನಿವೃತ್ತ_ಸಿಸ್ಟರ್:
ಅಮೆರಿಕಕ್ಕೆ ಯಾಕೆ ಹೋಗ್ತೀರಿ ಮಗು. ನಾನು ಎಎನ್‌ಎಂ (ಹಳ್ಳಿ ಆರೋಗ್ಯ ಕಾರ್ಯಕರ್ತೆ) ಆಗಿದ್ದೆ, ಹಳ್ಳಿ ಹಳ್ಳಿ ಸುತ್ತಿದವಳು. ಕುಟುಂಬ ಯೋಜನೆ ಟಾರ್ಗೆಟ್ ಇತ್ತಲ್ಲ, ವರ್ಷಕ್ಕೆ ಇಷ್ಟು ಆಪರೇಷನ್ ಕೇಸ್ ತರಬೇಕು ಅಂತ, ಮಾರ್ಚ್ ತಿಂಗಳು ಬಂತು ಅಂದ್ರೆ ಊಟ ಸೇರ್ತಿರ್ಲಿಲ್ಲ. ಮೀಟಿಂಗಲ್ಲಿ ಎಲ್ಲರ ಮುಂದೆ ಹೆಸರು ಕೂಗಿ ನಿಲ್ಲಿಸ್ತಿದ್ರು. ಗುರಿ ಇಷ್ಟು, ಸಾಧನೆ ಇಷ್ಟು, ಶೇಕಡಾವಾರು ಇಷ್ಟು. ಬಸುರಿಯರ ರಕ್ತದೊತ್ತಡ ನೋಡಿದ್ದು, ಮಧ್ಯರಾತ್ರಿ ಹೆರಿಗೆಗೆ ಓಡಿದ್ದು ಆ ಕಾಲಂನಲ್ಲಿ ಬರ್ತಿರ್ಲಿಲ್ಲ. 1996ರ ಏಪ್ರಿಲ್‌ನಲ್ಲಿ ದೇಶದಲ್ಲೆಲ್ಲಾ ಆ ಟಾರ್ಗೆಟ್ ಪದ್ಧತಿ ತೆಗೆದ್ರು, ಊರಿಗೇನು ಬೇಕು ಅಂತ ನೀವೇ ಲೆಕ್ಕ ಹಾಕಿ ಕೆಳಗಿಂದ ಕಳ್ಸಿ ಅಂದ್ರು. ಮೊದಲ ವರ್ಷ ನಮಗೆ ಏನು ಬರೀಬೇಕು ಅಂತಲೇ ಗೊತ್ತಾಗ್ಲಿಲ್ಲ, ಯಾರೂ ಅದುವರೆಗೆ ನಮ್ಮನ್ನ ಕೇಳೇ ಇರ್ಲಿಲ್ಲವಲ್ಲ.

ಮೈಸೂರ್_ಪಾಕ_ಅಲ್ಲ:
ಸಿಸ್ಟರ್ ನಿಮ್ಮ ಕಾಮೆಂಟ್ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಡ್ಯಾಶ್‌ಬೋರ್ಡ್ ಐಡಿಯಾ ಡಿಲೀಟ್ ಮಾಡಿದೀನಿ. ಆದ್ರೆ ನಂಬರ್ ಇಲ್ದೇ ಮ್ಯಾನೇಜರ್ ಒಪ್ಪಲ್ಲ, ಅದು ಹಂಗೇ ಇದೆ.

ಓಕೆಆರ್_ಸಂತ್ರಸ್ತ:
ಸಿಂಪಲ್ ಬ್ರೋ. ನಿಜವಾದ ಪಾರದರ್ಶಕತೆ ಅಂದ್ರೆ ಸಂಬಳ. ಎಲ್ರ ಸಂಬಳಾನೂ ಶೀಟಲ್ಲಿ ಹಾಕಿ. ಬಫರ್ ಅನ್ನೋ ಕಂಪನಿ 2013ರಲ್ಲೇ ಎಲ್ರ ಸಂಬಳ ಹೆಸರು ಸಮೇತ ಇಂಟರ್ನೆಟ್‌ಗೆ ಹಾಕ್ತು. ಉಳಿದಿದ್ದೆಲ್ಲಾ ಬರೀ ಓಳು.

ಗುಮಾಸ್ತ_ನಂ_2:
ನಮ್ಮದು ಯಾವತ್ತಿಂದಲೋ ಹಂಗೇ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ನೋಡಿ, ಪ್ರತಿ ಅಧಿಕಾರಿ, ನೌಕರನ ತಿಂಗಳ ಸಂಬಳ ಇಲಾಖೆ ತಾನಾಗಿಯೇ ಪ್ರಕಟಿಸಬೇಕು, ಯಾರೂ ಅರ್ಜಿ ಹಾಕೋದೂ ಬೇಡ. ಹೆಣ್ಣು ನೋಡೋಕೆ ಹೋದಾಗ ನನ್ನ ಬೇಸಿಕ್ ಎಷ್ಟು, ಡಿಎ ಎಷ್ಟು ಅಂತ ನನಗಿಂತ ಚೆನ್ನಾಗಿ ಮಾವನಿಗೆ ಗೊತ್ತಿತ್ತು. ಅದರಿಂದ ಕಚೇರಿ ಪಾರದರ್ಶಕ ಆಯ್ತಾ ಅಂದ್ರೆ, ಸ್ವಲ್ಪ. ವರ್ಗಾವಣೆ ಯಾಕಾಯ್ತು ಅನ್ನೋದು ಮಾತ್ರ ಇವತ್ತಿಗೂ ದೇವರಿಗೇ ಗೊತ್ತು.

ಕುಡ್ಲ_ಟು_ಸ್ಟುಟ್‌ಗಾರ್ಟ್:
ನಾನು ಈಗ ಜರ್ಮನಿಯಲ್ಲಿ ಇರುವುದು ಮಾರಾಯ್ರೇ, ಇಲ್ಲಿಯ ಕತೆ ಹೇಳುತ್ತೇನೆ. ಇಲ್ಲಿ ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್ ಅಂತ ಉಂಟು, ಕೆಲಸದವರೇ ಓಟು ಹಾಕಿ ಆರಿಸುವ ಮಂಡಳಿ. ಯಾರು ಎಷ್ಟು ಕೆಲಸ ಮಾಡಿದರು ಅಂತ ನೋಡುವ ಯಾವುದೇ ಸಾಫ್ಟ್‌ವೇರ್ ಹಾಕಬೇಕಾದರೆ ಆ ಮಂಡಳಿಯ ಒಪ್ಪಿಗೆ ಬೇಕು, ಕಾನೂನಿನ 87ನೇ ಸೆಕ್ಷನ್ನಿನಲ್ಲಿಯೇ ಉಂಟು. ನಮ್ಮ ಬಾಸ್ ಒಬ್ಬ ಉತ್ಸಾಹದಲ್ಲಿ ಹೆಸರು ಹಾಕಿದ ಚಾರ್ಟ್ ಮಾಡಿ ಇಟ್ಟದ್ದು, ಎರಡು ದಿನದಲ್ಲಿ ತೆಗೆಸಿದರು. ಈಗ ಟೀಮಿನ ಒಟ್ಟು ಲೆಕ್ಕ ಮಾತ್ರ ಕಾಣುವುದು, ಒಬ್ಬೊಬ್ಬರದ್ದು ಇಲ್ಲ.

ಸಂಬಳದ್ದು ಹೇಳಿದಿರಲ್ಲ, ಇಲ್ಲಿ 2017ರಲ್ಲಿ ಒಂದು ಕಾನೂನು ಬಂದದ್ದು, 200ಕ್ಕಿಂತ ಹೆಚ್ಚು ಜನ ಇರುವ ಕಡೆ ನನ್ನ ಹಾಗೆಯೇ ಕೆಲಸ ಮಾಡುವ ಗಂಡಸರಿಗೆ ನಡುಮಟ್ಟದ ಸಂಬಳ ಎಷ್ಟು ಅಂತ ನಾನು ಕೇಳಬಹುದು. ಆದರೆ ಹೋಲಿಸಲಿಕ್ಕೆ ಕನಿಷ್ಠ ಆರು ಜನ ಬೇಕು, ಇಲ್ಲದಿದ್ದರೆ ಯಾರದ್ದು ಅಂತ ಗೊತ್ತಾಗ್ತದಲ್ಲ. ನಮ್ಮಲ್ಲಿ ಇದ್ದದ್ದು ನಾಲ್ಕು ಜನ. ಹಾಗೆ ನನಗೆ ಉತ್ತರ ಸಿಕ್ಕಲಿಲ್ಲ, ಹ್ಹೆ.

ಹುಬ್ಬಳ್ಳಿ_ಮಂದಿ:
ನಮ್ಮ ಕಡೆ ಅಂಥಾ ಮಂಡಳಿ ಮಾಡಿದ್ರ ಮೊದಲ ದಿನಾನ ಎರಡು ಬಣ ಆಗ್ತಾವ್ರಿ, ಒಂದು ಚಹಾದ ಬಣ ಒಂದು ಕಾಫಿ ಬಣ.

ಡೇರಿ_ಸೆಕ್ರೆಟರಿ:
ಮೇಲೆ ಯಾರೋ ಲ್ಯಾಕ್ಟೋಮೀಟರ್ ಅಂತ ತಮಾಷೆ ಮಾಡಿದಾರೆ. ನಾನು ಹಳ್ಳಿ ಹಾಲಿನ ಸಹಕಾರ ಸಂಘದಲ್ಲಿ ಸೆಕ್ರೆಟರಿ, ಅದನ್ನೇ ದಿನಾ ಎರಡು ಹೊತ್ತು ಮಾಡೋದು, ಆದ್ರಿಂದ ಸೀರಿಯಸ್ಸಾಗೇ ಹೇಳ್ತೀನಿ.

ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) 8.5 ಇರ್ಬೇಕು, ಅದರ ಮೇಲೆ ರೇಟು. ನಮ್ಮಲ್ಲಿ ಹಿಂದೆ ಸ್ಯಾಂಪಲ್ ತಗೊಂಡು ಒಳಗಡೆ ಹೋಗಿ ಟೆಸ್ಟ್ ಮಾಡಿ ಪುಸ್ತಕದಲ್ಲಿ ಬರೀತಿದ್ವಿ. ನಾವು ನಿಯತ್ತಾಗೇ ಮಾಡ್ತಿದ್ವಿ ಸಾಮಿ, ಆದ್ರೂ ವಾರಕ್ಕೊಂದು ಜಗಳ, "ನಿಮ್ಮ ಕಡೆಯವರಿಗೆ ಜಾಸ್ತಿ ಬರೀತೀರ" ಅಂತ. ಆಮೇಲೆ ಮೆಷಿನ್ ಬಂತು. ಮೆಷಿನ್ ಬಂದಿದ್ದರಿಂದ ಜಗಳ ನಿಲ್ಲಲಿಲ್ಲ, ಅದನ್ನ ಕೌಂಟರ್ ಮೇಲೆ ರೈತರ ಕಡೆ ಮುಖ ಮಾಡಿ ಇಟ್ಟಿದ್ದರಿಂದ ನಿಂತಿದ್ದು. ಹಾಲು ಹಾಕಿದವನ ಕಣ್ಣೆದುರಿಗೇ ನಂಬರ್ ಬರುತ್ತೆ, ಚೀಟಿ ಅವನ ಕೈಗೆ ಹೋಗುತ್ತೆ, ಅನುಮಾನ ಇದ್ರೆ ಇನ್ನೊಂದು ಸಲ ಹಾಕಿಸು ಅಂತ ಕೇಳ್ಬಹುದು. ಆ ಮೂರನೇದು ಮುಖ್ಯ. ಕೇಳೋದು ತಿಂಗಳಿಗೆ ಒಬ್ಬರೋ ಇಬ್ಬರೋ, ಆದ್ರೆ ಕೇಳ್ಬಹುದು ಅನ್ನೋದೇ ಒಂದು ಧೈರ್ಯ.

ಗುಮಾಸ್ತ_ನಂ_2:
@ಡೇರಿ_ಸೆಕ್ರೆಟರಿ ಭೂಮಿ ಯೋಜನೆಯಲ್ಲೂ ಹಂಗೇ ಮಾಡಿದ್ರು ಸ್ವಾಮಿ, ಪಹಣಿ ಕಂಪ್ಯೂಟರೀಕರಣ ಆದಾಗ. ತಾಲೂಕು ಕಚೇರಿ ಕೌಂಟರಿನಲ್ಲಿ ಎರಡನೇ ಪರದೆ ಒಂದನ್ನ ರೈತನ ಕಡೆ ತಿರುಗಿಸಿ ಇಟ್ಟಿದ್ರು, ಆಪರೇಟರ್ ಏನು ಟೈಪ್ ಮಾಡ್ತಾನೆ ಅಂತ ಅವನಿಗೂ ಕಾಣೋ ಹಂಗೆ. ಖಾತೆ ಬದಲಾವಣೆ ಅರ್ಜಿ ಬಂದ ಕ್ರಮದಲ್ಲೇ ಹೋಗ್ಬೇಕು, ನಡುವೆ ನುಗ್ಗಿಸೋಕೆ ಸಾಫ್ಟ್‌ವೇರ್ ಬಿಡಲ್ಲ ಅನ್ನೋ ಹಂಗೆ ಮಾಡಿದ್ರು. ಅದಕ್ಕೆ ಮುಂಚೆ ಯಾರ ಫೈಲ್ ಮೇಲೆ ಬರುತ್ತೆ ಅನ್ನೋದು ಯಾರ ಕೈಲಿತ್ತು ಅಂತ ವಯಸ್ಸಾದವರನ್ನ ಕೇಳಿ.

ಮೈಸೂರ್_ಪಾಕ_ಅಲ್ಲ:
ರಾತ್ರಿ ಕೂತು ಇನ್ನೊಂದ್ಸಲ ಬರ್ದಿದೀನಿ, ನೋಡಿ ಬೈಯ್ರಿ.

ಸಕಾಲದ ಐಡಿಯಾ ಕದ್ದಿದೀನಿ. ಕೆಲಸದ ಆದ್ಯತೆ ಬದಲಾಗೋ ಯಾವ ನಿರ್ಧಾರ ಆದ್ರೂ, ಎರಡು ವರ್ಕಿಂಗ್ ಡೇ ಒಳಗೆ ನಾನು ನಾಲ್ಕು ಸಾಲು ಬರೀಬೇಕು, ಏನು ಬದಲಾಯ್ತು, ಯಾರು ಹೇಳಿದ್ದು, ಯಾಕೆ, ಬೇರೆ ಏನು ದಾರಿ ಇತ್ತು ಅಂತ, 10ರಲ್ಲಿ 9 ಸಲ. ಇದು ನನ್ನ ಗೋಲು, ಟೀಮಿಂದಲ್ಲ. ಆಮೇಲೆ ಒಂದು ಓಪನ್ ಶೀಟು, ಯಾರು ಏನ್ ಬೇಕಾದ್ರೂ ಪ್ರಶ್ನೆ ಹಾಕ್ಬಹುದು, ಮೂರು ದಿನದೊಳಗೆ ಉತ್ತರ, "ಈಗ ಹೇಳೋಕಾಗಲ್ಲ, ಇಂಥ ದಿನ ಹೇಳ್ತೀನಿ" ಅನ್ನೋದೂ ಉತ್ತರವೇ ಆದ್ರೆ ತಾರೀಖು ಇರ್ಲೇಬೇಕು. ಕೊನೇದು ತಿಂಗಳಿಗೊಂದು ಸರ್ವೆ, ಹೆಸರಿಲ್ದೆ, ಒಂದೇ ಪ್ರಶ್ನೆ: "ಈ ವಾರ ನೀವು ಮಾಡ್ತಿರೋ ಕೆಲಸ ಯಾಕೆ ಮಾಡ್ತಿದೀರಿ ಅಂತ ನಿಮಗೆ ಗೊತ್ತಾ?" 11ರಲ್ಲಿ 9 ಜನ ಹೌದು ಅನ್ಬೇಕು.

ಕುಡ್ಲ_ಟು_ಸ್ಟುಟ್‌ಗಾರ್ಟ್:
ಹನ್ನೊಂದು ಜನರಲ್ಲಿ ಹೆಸರಿಲ್ಲದ ಸರ್ವೆ ಅಂದರೆ ಎಂಥದು ಮಾರಾಯ್ರೇ. ಬರೆದ ಧಾಟಿ ನೋಡಿದರೇ ಯಾರು ಅಂತ ಗೊತ್ತಾಗ್ತದೆ.

ಘಾಟ್_ಸೆಕ್ಷನ್:
ಮೊದಲನೇದು ಸೂಪರ್. ಸಾಹೇಬರ ಬೋರ್ಡೂ ಅದೇ ಗೋಡೆಗೆ.

ಗಾರ್ಮೆಂಟ್ಸ್_ಅಕ್ಕ:
"ಗೊತ್ತಾ" ಅಂತ ಕೇಳಿದ್ರೆ ಎಲ್ರೂ "ಗೊತ್ತು" ಅಂತಾರೆ ತಮ್ಮಾ. ಆಡಿಟ್‌ಗೆ ವಿದೇಶದ ಬಯ್ಯರ್ ಬಂದಾಗ ನಾವು ಎಲ್ಲದಕ್ಕೂ ಎಸ್ ಎಸ್ ಅಂತಿದ್ವಿ. ಗೊತ್ತಾ ಅಂತ ಕೇಳ್ಬೇಡ, ಏನು ಅಂತ ಕೇಳು. 11 ಜನಕ್ಕೂ ಒಂದೊಂದು ಚೀಟಿ ಕೊಟ್ಟು, ಪಕ್ಕದವರದ್ದು ನೋಡ್ದಂಗೆ, "ಈ ತಿಂಗಳು ನಮ್ಮ ಟೀಮಿಗೆ ಮುಖ್ಯವಾದ ಮೂರು ಕೆಲಸ ಯಾವುದು" ಅಂತ ಬರೆಸು. ನೀನೂ ಒಂದು ಬರಿ. ಎಷ್ಟು ಹೊಂದುತ್ತೆ ಅಂತ ಎಣಿಸು. ಅದೇ ನಿನ್ನ ನಂಬರು.

ಡೇರಿ_ಸೆಕ್ರೆಟರಿ:
ಹೆಸರಿಲ್ದೆ ಇರ್ಬೇಕು ಅಂದ್ರೆ ಬೀಜದ ಡಬ್ಬ ಇಡಿ. ನಮ್ಮ ಸ್ವಸಹಾಯ ಸಂಘದಲ್ಲಿ ಹೆಂಗಸರು ಮಾಡೋದು ನೋಡಿದೀನಿ, ಒಪ್ಪಿಗೆ ಅಂದ್ರೆ ಅವರೆಕಾಳು, ಇಲ್ಲ ಅಂದ್ರೆ ಹುಣಸೆಬೀಜ. ಕೈ ಮುಚ್ಕೊಂಡು ಹಾಕೋದು. ಕೈಬರಹನೂ ಇಲ್ಲ, ಧಾಟಿನೂ ಇಲ್ಲ.

ತಿಂಡಿಪೋತ:
ಅವರೆಕಾಳು ಸೀಸನ್ ಅಲ್ಲದೇ ಇದ್ರೆ?

ಡೇರಿ_ಸೆಕ್ರೆಟರಿ:
ಒಣಗಿದ್ದು ಸಿಗುತ್ತೆ ಕಣಪ್ಪಾ.

ಓಕೆಆರ್_ಸಂತ್ರಸ್ತ:
ಐಟಿ ಕಂಪನೀಲಿ ಹುಣಸೆಬೀಜ 😂😂 ಇದಕ್ಕೊಂದು ಆ್ಯಪ್ ಮಾಡಿ ಫಂಡಿಂಗ್ ತಗೊಳೋಣ್ವಾ

ಬರೀ_ಓದೋನು:
ಒಂದೇ ಆಕ್ಷೇಪ. ಮೊದಲು ಬೇಸ್‌ಲೈನ್ ತಗೊಳಿ, ಈಗ ಎಷ್ಟಿದೆ ಅಂತ ಗೊತ್ತಿಲ್ಲದೆ 9 ಅಂತ ಬರೆಯೋದು ಗಾರ್ಮೆಂಟ್ಸಿನ 90 ಪೀಸ್ ಇದ್ದಂಗೇ ಆಗುತ್ತೆ. ಮತ್ತೆ ಇದನ್ನ ಅಪ್ರೈಸಲ್‌ಗೆ ಕಟ್ಟಬೇಡಿ ಅಂತ ಮ್ಯಾನೇಜರ್ ಹತ್ರ ಬರೆಸ್ಕೊಳಿ.

ಮೈಸೂರ್_ಪಾಕ_ಅಲ್ಲ:
ಅಪ್ಡೇಟ್. ಅಕ್ಕ ಹೇಳಿದ್ದು ಮಾಡ್ದೆ. 11 ಜನ, ಒಬ್ಬೊಬ್ರು ಮೂರು, ಒಟ್ಟು 33 ಉತ್ತರ ಬಂತು, ಅದ್ರಲ್ಲಿ 17 ಬೇರೆ ಬೇರೆ ಕೆಲಸ. ನಾನು ಬರೆದ ಮೂರೂ ಯಾರ ಚೀಟೀಲೂ ಒಟ್ಟಿಗೆ ಇರ್ಲಿಲ್ಲ. ಎರಡು ಹೊಂದಿದ್ದು ನಾಲ್ಕು ಜನರದ್ದು. ಒಬ್ಬ ಮಹಾನುಭಾವ ಮೂರನೇದು "ಲೀಡ್ ಮೂಡ್ ನೋಡ್ಕೊಳೋದು" ಅಂತ ಬರ್ದಿದಾನೆ. ಮ್ಯಾನೇಜರ್ರಿಗೆ ತೋರಿಸ್ದೆ, ಅವ್ರೂ ಒಂದು ಚೀಟಿ ಬರೆದ್ರು, ನನ್ನದಕ್ಕೂ ಅವರದಕ್ಕೂ ಹೊಂದಿದ್ದು ಒಂದೇ. ಐದು ನಿಮಿಷ ಇಬ್ರೂ ಮಾತಾಡ್ಲಿಲ್ಲ. ಆಮೇಲೆ ಗೋಲ್ ಅಪ್ರೂವ್ ಮಾಡಿದ್ರು. ಅಪ್ರೈಸಲ್ ವಿಷ್ಯ "ನೋಡೋಣ" ಅಂದ್ರು.

ಹುಬ್ಬಳ್ಳಿ_ಮಂದಿ:
‘ನೋಡೋಣ’ ಅಂದ್ರ ಇಲ್ಲ ಅಂತ ಅರ್ಥ. ನಮ್ಮ ಕಡೆ ‘ನೋಡೂಣಂತ’ ಅಂತಾರ, ಅದಂತೂ ಖಾತ್ರಿ ‘ಇಲ್ಲ’.

ನಿವೃತ್ತ_ಸಿಸ್ಟರ್:
ಮೂಡ್ ನೋಡ್ಕೊಳೋದು ಅಂತ ಬರೆದ ಹುಡುಗನ್ನ ಬೈಬೇಡಪ್ಪಾ. ಅವನು ನಿಜ ಬರೆದಿದಾನೆ.

(ಮೂರು ತಿಂಗಳ ನಂತರ)

ಮೈಸೂರ್_ಪಾಕ_ಅಲ್ಲ:
ಯಾರಾದ್ರೂ ಇದೀರಾ ಇಲ್ಲಿ? ಕ್ವಾರ್ಟರ್ ಮುಗೀತು, ಲೆಕ್ಕ ಕೊಡೋಣ ಅಂತ ಬಂದೆ.

ಆದ್ಯತೆ ಬದಲಾದ ನಿರ್ಧಾರ 31, ಎರಡು ದಿನದೊಳಗೆ ಬರೆದಿದ್ದು 23. ಗುರಿ ಮುಟ್ಲಿಲ್ಲ. ತಪ್ಪಿದ ಎಂಟು ಯಾವ್ದು ಅಂತ ನೋಡಿದ್ರೆ ಆರು ಮ್ಯಾನೇಜರ್ರ ಮ್ಯಾನೇಜರ್ ಫೋನಲ್ಲಿ ಹೇಳಿದ್ದು, ಯಾಕೆ ಅಂತ ನನಗೇ ಗೊತ್ತಿರ್ಲಿಲ್ಲ, ಬರೆಯೋದೇನು. ಅದನ್ನೂ "ಕಾರಣ ನನಗೆ ತಿಳಿದಿಲ್ಲ" ಅಂತ ಹಂಗೇ ಬರೆಯೋಕೆ ಶುರು ಮಾಡ್ದೆ, ಎರಡೇ ವಾರದಲ್ಲಿ ಮೇಲಿಂದ ಫೋನ್ ಬಂತು "ಅದೇನ್ರೀ ಶೀಟಲ್ಲಿ ಹಂಗ್ ಬರ್ದಿದೀರ" ಅಂತ. ಕಾರಣ ಹೇಳಿ ಸರ್, ಬದಲಾಯಿಸ್ತೀನಿ ಅಂದೆ. ಹೇಳಿದ್ರು! ಚೀಟಿ ಪರೀಕ್ಷೆ ಮತ್ತೆ ಮಾಡಿದ್ವಿ, 17 ಇದ್ದಿದ್ದು 8ಕ್ಕೆ ಇಳೀತು, ಎರಡಾದ್ರೂ ಹೊಂದಿದ್ದು ಒಂಬತ್ತು ಜನರದ್ದು.

ಅರ್ಥ ಆಗ್ದೇ ಇರೋದು ಒಂದು. ಪ್ರಶ್ನೆ ಶೀಟಲ್ಲಿ ಮೊದಲ ತಿಂಗಳು 14 ಪ್ರಶ್ನೆ, ಎರಡನೇ ತಿಂಗಳು 3, ಮೂರನೇ ತಿಂಗಳು 2. ನೇರವಾಗಿ ಬಂದು ಕೇಳ್ತಿದಾರೋ, ಕೇಳಿ ಪ್ರಯೋಜನ ಇಲ್ಲ ಅಂತ ಬಿಟ್ರೋ?

ಗುಮಾಸ್ತ_ನಂ_2:
ಅರ್ಜಿ ಕಡಿಮೆ ಆಯ್ತು ಅಂತ ಯಾವತ್ತೂ ಖುಷಿ ಪಡಬೇಡಿ. ಕೇಳಿದವರನ್ನ ಯಾರಾದ್ರೂ "ನೀನೇ ತಾನೇ ಅದನ್ನ ಬರೆದಿದ್ದು" ಅಂತ ಕೇಳಿದ್ರಾ ನೋಡಿ.

ಮೈಸೂರ್_ಪಾಕ_ಅಲ್ಲ:
... ಸ್ಟ್ಯಾಂಡಪ್‌ನಲ್ಲಿ (ಟೀಮಿನ ದಿನದ ಸಣ್ಣ ಮೀಟಿಂಗು) ಒಂದ್ಸಲ ನಾನೇ ನಗ್ತಾ ಕೇಳಿದ್ದೆ. ತಮಾಷೆಗೆ.

ಗಾರ್ಮೆಂಟ್ಸ್_ಅಕ್ಕ:
ತಮಾಷೆ ನಿಂಗೆ ತಮ್ಮಾ.

ಘಾಟ್_ಸೆಕ್ಷನ್:
23/31 ಘಾಟಿ ಲೆಕ್ಕದಲ್ಲಿ ಒಳ್ಳೇ ಕೆಎಂಪಿಎಲ್ಲೇ ಬಿಡಿ.

ಓಕೆಆರ್_ಸಂತ್ರಸ್ತ:
0.74. ಬರೀ_ಓದೋನು ಪ್ರಕಾರ ಸೂಪರ್ ಸ್ಕೋರು. ಅಪ್ರೈಸಲ್‌ನಲ್ಲಿ ಏನಂದ್ರು?

ಮೈಸೂರ್_ಪಾಕ_ಅಲ್ಲ:
"ಇನ್ನ 0.26 ಎಲ್ಲೋಯ್ತು" ಅಂದ್ರು 🙏 ಆದ್ರೆ ಅದನ್ನೂ ಶೀಟಲ್ಲಿ ಬರ್ದಿದೀನಿ.

ಡೇರಿ_ಸೆಕ್ರೆಟರಿ:
ಬೀಜದ ಡಬ್ಬ ಏನಾಯ್ತು?

ಮೈಸೂರ್_ಪಾಕ_ಅಲ್ಲ:
ಇದೆ ಇದೆ, ಪ್ಯಾಂಟ್ರಿ ಹತ್ರ ಇಟ್ಟಿದೀವಿ. ಈ ತಿಂಗಳು ಏಳು ಅವರೆಕಾಳು, ಮೂರು ಹುಣಸೆಬೀಜ, ಒಂದು ಗೋಡಂಬಿ. ಗೋಡಂಬಿ ಅಂದ್ರೆ ಏನು ಅಂತ ಇಡೀ ಟೀಮ್ ಅರ್ಧ ಗಂಟೆ ಚರ್ಚೆ ಮಾಡ್ತು, ಯಾರೂ ಒಪ್ಕೊಳ್ಲಿಲ್ಲ.

ತಿಂಡಿಪೋತ:
ಗೋಡಂಬಿ ಈಗ ಎಲ್ಲಿದೆ?